ಶನಿಯ ಹತ್ತಿರದ ಅಕ್ಕೋರು

ಎಲಿಯಾಸ್ ಮಿನೇಜಸ್ ತೀರಿಕೊಂಡ ಮೇಲೆ ಸುಗಂಧಾ ಬಿರಾದಾರ ಮಾತಾಡುವುದನ್ನೇ ಬಿಟ್ಟಳು. ಹಟದಿಂದಲ್ಲ, ವ್ರತವೂ ಅಲ್ಲ. ಶನಿಗ್ರಹದ ಕಡೆಗೆ ಹೊರಟಿದ್ದ ಆ ನೌಕೆಯಲ್ಲಿ ಇದ್ದವರೇ ಇಬ್ಬರು. ಒಬ್ಬರು ಹೋದ ಮೇಲೆ ಮಾತಾಡಿಸಲು ಯಾರೂ ಉಳಿಯಲಿಲ್ಲ.

ಎಲಿಯಾಸ್‌ನ ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ತಿಂಡಿ ತಿನ್ನುತ್ತಿದ್ದವನು ಸೊಂಟದ ಪಟ್ಟಿಗೆ ಸಿಕ್ಕಿಕೊಂಡು ಹಾಗೇ ತೇಲಿದ. ಸುಗಂಧಾ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ ನೋಡಿದಳು. ಆಮೇಲೆ ಅವನನ್ನು ಸದಾ ಹಿಮಗಟ್ಟಿರುವ ಹೊರಕೋಣೆಗೆ ಸಾಗಿಸಿ, ಬಾಗಿಲು ಮುಚ್ಚಿ, ನಿಯಂತ್ರಣ ಕೇಂದ್ರಕ್ಕೆ ವರದಿ ಟೈಪ್ ಮಾಡಿದಳು. ಕೊನೆಯಲ್ಲಿ, "ತಿರುಗಿ ಬರಬಹುದೇ?" ಎಂದು ಕೇಳಿದ್ದಳು. ಉತ್ತರ ಅವಳಿಗೇ ಗೊತ್ತಿತ್ತು. ಕವಣೆಯಿಂದ ಬೀಸಿದ ಕಲ್ಲು ನಡುದಾರಿಯಲ್ಲಿ ಹಿಂದಿರುಗುವುದಿಲ್ಲ. ನೌಕೆಯಲ್ಲಿದ್ದ ಇಂಧನ ದಾರಿ ತಿದ್ದಿಕೊಳ್ಳಲು ಸಾಕಾಗುತ್ತಿತ್ತು, ವೇಗ ತಡೆಯಲು ಸಾಲುತ್ತಿರಲಿಲ್ಲ. ಶನಿಯವರೆಗೂ ಹೋಗಿ, ಅದರ ಸೆಳೆತಕ್ಕೆ ಸಿಕ್ಕಿ ಒಂದು ಸುತ್ತು ಬಳಸಿ, ಅದು ಎಸೆದ ಕಡೆಗೆ ಹೊರಟು ಭೂಮಿ ಸೇರಬೇಕು. ಇನ್ನೂ ಹತ್ತು ಹನ್ನೊಂದು ವರ್ಷದ ದಾರಿ.

ನಿಯಂತ್ರಣ ಕೇಂದ್ರ ಇದ್ದದ್ದು ಕೊಪ್ಪಳದ ಬಂಡೆಗುಡ್ಡಗಳ ನಡುವೆ. ಅಲ್ಲಿ ಯಾತ್ರಿಗಳ ಮನಸ್ಸಿನ ಆರೋಗ್ಯ ನೋಡಿಕೊಳ್ಳುತ್ತಿದ್ದವನು ಫಣಿರಾಜ ಎಂಬ ಮೈಸೂರಿನ ಡಾಕ್ಟರ್. ಸುಗಂಧಾಳ ವರದಿಗಳು ತಪ್ಪದೆ ಬರುತ್ತಿದ್ದವು, ಒಂದು ಕಾಗುಣಿತದ ದೋಷವೂ ಇಲ್ಲದೆ. ಆದರೆ ಎಲ್ಲವೂ ಟೈಪ್ ಮಾಡಿದವು. ಒಮ್ಮೆ ಅವನು ಹಟ ಹಿಡಿದು, ಧ್ವನಿಯಲ್ಲೇ ವರದಿ ಕಳಿಸಿ ಎಂದ. ಬಂದ ಧ್ವನಿ ಕೇಳಿ ಕೋಣೆಯಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿದರು. ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟುವ ಗಂಟಲು. ನಡುವೆ ಶಬ್ದಗಳೇ ಸಿಗದೆ ಅವಳು ತಡೆತಡೆದು ನಿಲ್ಲುತ್ತಿದ್ದಳು.

ಆಗ ಫಣಿರಾಜನಿಗೆ ಚಿತ್ರಪುಸ್ತಕದ ನೆನಪಾಯಿತು. ಹಳ್ಳಿ ಶಾಲೆಗಳ ಮಕ್ಕಳಿಗೆ ಬಾಹ್ಯಾಕಾಶದ ಚಿತ್ರಗಳ ಮೂಲಕ ಇಂಗ್ಲಿಷ್ ಕಲಿಸಲು ಕೇಂದ್ರವೇ ಹಿಂದೊಮ್ಮೆ ಅಚ್ಚು ಹಾಕಿಸಿದ್ದ ಪುಸ್ತಕ ಅದು. ಪುಟಕ್ಕೊಂದು ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಎರಡು ಸಾಲು. ಅದರ ಪುಟಗಳನ್ನು ನೌಕೆಗೆ ರವಾನಿಸಿ, ಇದರಿಂದ ಮಕ್ಕಳಿಗೆ ಧ್ವನಿಯಲ್ಲೇ ಪಾಠ ಹೇಳಿ ಎಂದು ಕೇಳಿದ.

"ನಾನು ಎಂಜಿನಿಯರು, ಟೀಚರಲ್ಲ," ಎಂದು ಸುಗಂಧಾ ಟೈಪ್ ಮಾಡಿದಳು.

"ನಿಮ್ಮ ಕಡೆಯ ಮಕ್ಕಳೇ, ಮೇಡಂ. ತಾಳಿಕೋಟೆ ಹತ್ತಿರದ ಒಂದು ಹಳ್ಳಿ. ವಾರಕ್ಕೆ ನಾಲ್ಕು ದಿನ ಸಾಕು," ಎಂದು ಫಣಿರಾಜ ಹೇಳಿ ಕಳಿಸಿದ.

ಸುಗಂಧಾ ತಾಳಿಕೋಟೆಯ ಸೀಮೆಯದೇ ಇಂಡಿ ಎಂಬ ಊರಿನವಳು. ನಿಮ್ಮ ಕಡೆಯ ಮಕ್ಕಳು ಎಂಬ ಮಾತಿಗೆ ಅವಳು ಸೋತಳು.

ಪಾಠ ನಡೆಯುತ್ತಿದ್ದ ರೀತಿಯೇ ವಿಚಿತ್ರ. ರೇಡಿಯೊ ಅಲೆ ಬೆಳಕಿನ ವೇಗದಲ್ಲೇ ಹೋಗುತ್ತದೆ, ನಿಜ. ಆದರೆ ಆ ದೂರಕ್ಕೆ ಬೆಳಕೂ ತಡವಾಗುತ್ತದೆ. ಅವಳು "ವಾಟ್ ಈಸ್ ದಿಸ್?" ಎಂದು ಕೇಳಿದರೆ ಆ ಪ್ರಶ್ನೆ ಶಾಲೆ ಮುಟ್ಟಲು ಮುಕ್ಕಾಲು ಗಂಟೆ, ಮಕ್ಕಳ ಉತ್ತರ ಅವಳನ್ನು ಮುಟ್ಟಲು ಇನ್ನೊಂದು ಮುಕ್ಕಾಲು ಗಂಟೆ. ಹಾಗಾಗಿ ಅವಳು ಒಂದು ಪುಟದ ಪಾಠವನ್ನು ಒಟ್ಟಿಗೇ ಹೇಳಿ ಕಳಿಸಬೇಕು. ಮಕ್ಕಳು ಅದನ್ನು ಕೇಳಿ, ಒಟ್ಟಿಗೇ ಉತ್ತರಿಸಬೇಕು. ತಪ್ಪು ತಿದ್ದುವುದು ಮರುದಿನ.

"ದಿಸ್ ಈಸ್ ದ ಸನ್. ದ ಸನ್ ಈಸ್ ಹಾಟ್," ಎಂದಳು ಮೊದಲ ದಿನ. ಆ ಒಂದು ವರದಿ ಬಿಟ್ಟರೆ, ಎಷ್ಟೋ ತಿಂಗಳ ನಂತರ ನೌಕೆಯೊಳಗೆ ಎದ್ದ ಮನುಷ್ಯರ ಮಾತು ಅದು. ಅವಳಿಗೇ ನಾಚಿಕೆಯಾಯಿತು.

ಉತ್ತರವಾಗಿ ಗದ್ದಲ ಬಂತು. ಬೆಂಚು ಎಳೆದ ಸದ್ದು, ಕಲ್ಲಪ್ಪ ಮಾಸ್ತರರ "ಏ ಸುಮ್ ಕೂಡ್ರಿ" ಎಂಬ ಗದರಿಕೆ, ಆಮೇಲೆ ಒಂದೇ ಉಸಿರಿಗೆ ಹತ್ತಾರು ಮಕ್ಕಳ ಕೂಗು. ಎಲ್ಲ ಮುಗಿದ ಮೇಲೆ ಒಂದೇ ಒಂದು ಪುಟ್ಟ ಧ್ವನಿ: "ಅಕ್ಕೋರ, ನಿಮ್ಮ ಊಟಾ ಆತೇನ್ರಿ?"

ಆ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಕೇಳಿದವಳು ಎರಡನೆಯ ಇಯತ್ತೆಯ ನಗೀನಾ. ಆ ಹುಡುಗಿಗೆ ಮುಂದಿನ ಹಲ್ಲು ಬಿದ್ದಿತ್ತು. 'ದಿಸ್ ಈಸ್' ಎನ್ನುವಾಗ ಹಲ್ಲಿನ ಸಂದಿಯಿಂದ ಸಣ್ಣ ಸೀಟಿಯಂತೆ ಗಾಳಿ ಬರುತ್ತಿತ್ತು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಈಗ ಮೂರನೆಯದಾಗಿ ಇದೊಂದು ಭಾಷೆ. ಬಾಯಿಗೆ ಬಂದದ್ದನ್ನು ಹೆದರದೆ ಹೇಳುತ್ತಿದ್ದಳು. ಪಾಠ ಮುಗಿದ ಮೇಲೆ ಒಂದು ಪ್ರಶ್ನೆ ಕೇಳದೆ ಹೋಗುತ್ತಿರಲಿಲ್ಲ. ಅಲ್ಲಿ ನೊಣ ಅದಾವೇನ್ರಿ? ನಿಮಗ ಜಡಿ ಯಾರ್ ಹಾಕ್ತಾರ್ರೀ?

ರಾಕೆಟ್ಟಿನ ಪುಟ ಬಂದಾಗ ನಗೀನಾ ಕೇಳಿದಳು: "ಚಿತ್ರದಾಗ ಕಿಡಕ್ಯಾಗ ಇಬ್ಬರು ಅದಾರ. ಇಬ್ಬರೂ ನಗಾಕತ್ಯಾರ. ನಿಮ್ಮ ಕೂಡ ಇರೋ ಇನ್ನೊಬ್ಬರು ಯಾಕ ಮಾತಾಡೂದಿಲ್ರಿ?"

ಸುಗಂಧಾ ಆ ದಿನ ಪಾಠ ಕಳಿಸಲಿಲ್ಲ. ಎಲಿಯಾಸ್‌ನ ಸಾವಿನ ಬಗ್ಗೆ ಅವಳು ಟೈಪ್ ಮಾಡಿದ್ದಳೇ ಹೊರತು ಬಾಯಿ ಬಿಟ್ಟು ಹೇಳಿರಲಿಲ್ಲ. ಮರುದಿನ ಮೈಕಿನ ಮುಂದೆ ಬಹಳ ಹೊತ್ತು ಕುಳಿತು, ಮಕ್ಕಳಿಗೆ ಹೇಳುವಂತೆ ಹೇಳಿದಳು: "ಹಿ ವಾಸ್ ಮೈ ಫ್ರೆಂಡ್. ಹಿ ಈಸ್ ನಾಟ್ ಹಿಯರ್."

ಅದನ್ನೂ ಪಾಠವೆಂದೇ ತಿಳಿದ ಮಕ್ಕಳು ಒಕ್ಕೊರಲಿನಿಂದ ಹೇಳಿದರು: "ಹಿ ಈಸ್ ನಾಟ್ ಹಿಯರ್." ಕಲ್ಲಪ್ಪ ಮಾಸ್ತರರು ಅರ್ಥ ಹೇಳಿರಬೇಕು. ಎರಡನೆಯ ಸಲ ಹೇಳುವಾಗ ಧ್ವನಿಗಳು ಸಣ್ಣವಾಗಿದ್ದವು. ಸುಗಂಧಾ ಅಂದು ಮೊದಲ ಬಾರಿ ಅತ್ತಳು. ತೂಕವಿಲ್ಲದ ಕಡೆ ಕಣ್ಣೀರು ಕೆಳಗಿಳಿಯುವುದಿಲ್ಲ. ಕಣ್ಣಿನ ಮೇಲೇ ಗುಳ್ಳೆಯಾಗಿ ಕೂರುತ್ತದೆ. ಅದನ್ನು ಬಟ್ಟೆಯಿಂದ ಒತ್ತಿ ತೆಗೆಯಬೇಕಾಯಿತು.

ಅಲ್ಲಿಂದ ಮುಂದೆ ಅವಳು ಸರಿಹೋದಳು. ಹೊತ್ತಿಗೆ ಸರಿಯಾಗಿ ಉಣ್ಣತೊಡಗಿದಳು. ಪಾಠದ ಮುಂಚೆ ತಲೆ ಬಾಚಿಕೊಳ್ಳುತ್ತಿದ್ದಳು, ಅವಳನ್ನು ಯಾರೂ ನೋಡುತ್ತಿರದಿದ್ದರೂ.

ಒಂದೂವರೆ ವರ್ಷ ಹೀಗೆ ಸಾಗಿದ ಮೇಲೆ ಒಮ್ಮೆ ಕೆಲವು ವಾರ ಪಾಠ ನಿಂತಿತು. ಶಾಲೆಗೆ ರಜೆ ಎಂದು ಫಣಿರಾಜ ಹೇಳಿದ. ಆ ದಿನಗಳಲ್ಲಿ ಸುಗಂಧಾ ಮತ್ತೆ ಊಟ ಬಿಟ್ಟಳು, ಮತ್ತೆ ಟೈಪ್ ಮಾಡತೊಡಗಿದಳು. ರಜೆ ಮುಗಿದು ಮಕ್ಕಳ ಧ್ವನಿ ಕೇಳಿಸಿದಾಗ ಮರುಜೀವ ಬಂದಂತಾಯಿತು. "ಗುಡ್ ಮಾರ್ನಿಂಗ್, ಟೀಚರ್," ಎಂದಿತು ತರಗತಿ.

ಶನಿ ಹತ್ತಿರವಾಯಿತು. ಪುಸ್ತಕದಲ್ಲಿ ಶನಿ ಹಳದಿ ಬಣ್ಣದ ನಗುವ ಮುಖ, ತಲೆಗೆ ಟೋಪಿಯ ಹಾಗೆ ಉಂಗುರ. ಕಿಟಕಿಯಾಚೆ ಅದು ನಗುತ್ತಿರಲಿಲ್ಲ. ಮಾಸಿದ ಬೆಣ್ಣೆಯ ಬಣ್ಣದ ಅಗಾಧ ಗೋಲ, ಅದರ ಮೈಮೇಲೆ ಉಂಗುರಗಳ ನೆರಳು. ದಿನವೆಲ್ಲ ನೋಡಿದರೂ ಅದು ಇವಳ ಕಡೆ ತಿರುಗಿ ನೋಡಿದಂತೆ ಅನಿಸಲಿಲ್ಲ. ಅವಳು ಉಂಗುರಗಳ ಧೂಳು ಅಳೆದಳು, ಚಂದ್ರರ ಚಿತ್ರ ತೆಗೆದಳು, ಇಬ್ಬರು ಮಾಡಬೇಕಾದ ಕೆಲಸವನ್ನು ಒಬ್ಬಳೇ ಮಾಡಿ ಮುಗಿಸಿದಳು. ನೌಕೆ ಸುತ್ತು ಬಳಸಿ ಭೂಮಿಯ ದಿಕ್ಕಿಗೆ ತಿರುಗಿತು. ಈಗ ಒಂದು ಮಾತು ಭೂಮಿ ಮುಟ್ಟಲು ಒಂದು ಗಂಟೆಯ ಮೇಲೆ ಬೇಕಿತ್ತು.

ಅಂಥ ಒಂದು ದಿನ, ಕನ್ನಡಿಯಲ್ಲಿ ತನ್ನ ನೆರೆಗೂದಲು ನೋಡಿಕೊಳ್ಳುತ್ತ, ಹಿನ್ನೆಲೆಯಲ್ಲಿ ಓಡುತ್ತಿದ್ದ ತರಗತಿಯ ಧ್ವನಿ ಕೇಳುತ್ತಿದ್ದಳು. "ದಿಸ್ ಈಸ್ ಸ್ಯಾಟರ್ನ್," ಎಂದಳು ನಗೀನಾ. ಹಲ್ಲಿನ ಸಂದಿಯಿಂದ ಅದೇ ಸಣ್ಣ ಸೀಟಿ.

ಬಾಚಣಿಗೆ ಅಲ್ಲೇ ನಿಂತಿತು. ಎಷ್ಟು ವರ್ಷವಾಯಿತು? ಈ ಹುಡುಗಿಗೆ ಇನ್ನೂ ಹಲ್ಲು ಬರಲಿಲ್ಲವೇ?

ಅವಳು ಮೊದಲ ತಿಂಗಳ ಪಾಠವನ್ನೂ ಇವತ್ತಿನದನ್ನೂ ಒಂದಾದ ಮೇಲೊಂದು ಹಾಕಿ ಕೇಳಿದಳು. ಅದೇ ಎಳೆಯ ಗಂಟಲು. ಹನ್ನೆರಡು ವರ್ಷದ ಹುಡುಗಿಯ ಧ್ವನಿಯಲ್ಲ ಅದು. ತರಗತಿಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಕಲ್ಲಪ್ಪ ಮಾಸ್ತರರು ಯಾರನ್ನೂ ಗದರುತ್ತಿರಲಿಲ್ಲ. ಒಂದೇ ಒಂದು ದಿನವೂ ಯಾರೂ ತಪ್ಪಿಸಿಕೊಂಡಿರಲಿಲ್ಲ. ಇಂಥದನ್ನು ತಾನು ಗಮನಿಸಲಿಲ್ಲವೋ, ಗಮನಿಸುವುದು ಬೇಡವಾಗಿತ್ತೋ ಅವಳಿಗೇ ತಿಳಿಯಲಿಲ್ಲ.

ಮರುದಿನದ ಪಾಠದಲ್ಲಿ ಇಂಗ್ಲಿಷ್ ಬಿಟ್ಟು ಕೇಳಿದಳು: "ನಗೀನಾ, ನಿನ್ನೆ ನಿಮ್ಮ ಮನ್ಯಾಗ ಏನೇನಾತು, ಹೇಳವಾ."

ಉತ್ತರ ಬಂತು: "ನಾವೆಲ್ಲರೂ ಚೆನ್ನಾಗಿದ್ದೇವೆ, ಟೀಚರ್. ನಮಗೆ ನಿಮ್ಮ ಪಾಠವೆಂದರೆ ತುಂಬಾ ಇಷ್ಟ."

ಮೊದಲು ಆ ಹುಡುಗಿ ಅವಳನ್ನು ಅಕ್ಕೋರ ಎಂದೇ ಕರೆಯುತ್ತಿದ್ದಳು, ಟೀಚರ್ ಎಂದಲ್ಲ. ಸುಗಂಧಾ ಫಣಿರಾಜನಿಗೆ ಎರಡೇ ಮಾತು ಕಳಿಸಿದಳು: "ಮಕ್ಕಳು ಎಲ್ಲಿ?"

ಕೊಪ್ಪಳದ ಕೇಂದ್ರದಲ್ಲಿ ಆ ಮಾತು ಗೋಡೆಯ ಧ್ವನಿಪೆಟ್ಟಿಗೆಯಿಂದ ಎಲ್ಲರಿಗೂ ಕೇಳಿಸಿತು. ಯಾರೂ ಫಣಿರಾಜನ ಮುಖ ನೋಡಲಿಲ್ಲ. ಅವನು ಮೈಕು ಎಳೆದುಕೊಂಡು ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಮಕ್ಕಳು ಕಡಿಮೆಯಾಗಿ ಆ ಹಳ್ಳಿಶಾಲೆ ಮುಚ್ಚಿತು. ಕಲ್ಲಪ್ಪ ಮಾಸ್ತರರಿಗೆ ವರ್ಗವಾಯಿತು. ಮಕ್ಕಳು ಊರೂರಿಗೆ ಚದುರಿದರು. ಪಾಠ ನಿಂತ ಆ ವಾರಗಳಲ್ಲಿ ನಿಮ್ಮ ಮೈ ಇಳಿಯುತ್ತಿದ್ದುದನ್ನು ಇಲ್ಲಿಂದ ನೋಡುತ್ತಿದ್ದೆವು. ನಮ್ಮ ಹತ್ತಿರ ಮಕ್ಕಳ ಹಳೆಯ ಧ್ವನಿಯೆಲ್ಲ ಇತ್ತು. ಅದನ್ನು ಕಲಿತು ಅವರಂತೆಯೇ ಮಾತಾಡುವ ಯಂತ್ರ ಸಿದ್ಧ ಮಾಡಿದೆವು. ನಿಮ್ಮ ಪಾಠ ಹೋಗಿ ಮುಟ್ಟುತ್ತಿದ್ದದ್ದು ಅದಕ್ಕೆ.

"ಇನ್ನೊಂದು ಶಾಲೆ ಹುಡುಕಬಹುದಿತ್ತು. ಆದರೆ ನೀವು ನಗೀನಾ ಎಲ್ಲಿ ಅಂತ ಕೇಳ್ತಿದ್ರಿ, ಮೇಡಂ. ನಾನು ಮಾಡಿದ್ದು ತಪ್ಪು," ಎಂದು ಮುಗಿಸಿದ.

ಅದಕ್ಕೆ ಉತ್ತರ ಬರಲಿಲ್ಲ. ಮರುದಿನವೂ ಬರಲಿಲ್ಲ. ನೌಕೆಯ ಯಂತ್ರಗಳು ತಾವಾಗಿ ಕಳಿಸುವ ಅಂಕಿಗಳು ಮಾತ್ರ ಬರುತ್ತಿದ್ದವು: ಗಾಳಿ ಸರಿಯಾಗಿದೆ, ನೀರು ಸರಿಯಾಗಿದೆ, ಊಟದ ಪೊಟ್ಟಣ ತೆರೆದಿಲ್ಲ. ವಾರ ಕಳೆಯುವುದರೊಳಗೆ ಫಣಿರಾಜ ಜೀಪು ಹತ್ತಿ ತಾಳಿಕೋಟೆಗೆ ಹೊರಟ.

ನಗೀನಾಳ ಮನೆ ಈಗ ಪೇಟೆಯೊಳಗಿತ್ತು. ತಾಯಿ ಮಾಬೂಬಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದವಳು ಎದ್ದು ಸೆರಗು ಸರಿಮಾಡಿಕೊಂಡು, "ಬರ್ರಿ ಸಾಹೇಬ್ರ, ಕೂಡ್ರಿ," ಎಂದು ಚಾಪೆ ಹಾಸಿದಳು. ನಗೀನಾ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಳು. ಎತ್ತರದ ಹುಡುಗಿ, ಏಳನೆಯ ಇಯತ್ತೆ. ಬಾಯಿ ತುಂಬ ಹಲ್ಲು.

ಫಣಿರಾಜ ಎಲ್ಲ ಹೇಳಿದ. ನಗೀನಾ ನಿಂತಲ್ಲೇ ಕೇಳಿಸಿಕೊಂಡಳು. ಕೊನೆಗೆ, "ನಮಗ ಪಾಠಾ ಮುಗೀತು ಅಂತ ಹೇಳಿದ್ರಲ್ರೀ. ಅಕ್ಕೋರಿಗೆ ನಾವು ಬ್ಯಾಸರಾದ್ವಿ ಅಂತ ನಾ ತಿಳ್ಕೊಂಡಿದ್ದೆ," ಎಂದಳು. ಆಮೇಲೆ, "ಎಲ್ಲಿ, ಕೇಳಸ್ರಿ ಅದನ್ನ," ಎಂದಳು.

ಅವನು ಮೊಬೈಲಿನಲ್ಲಿ ಇತ್ತೀಚಿನ ಒಂದು ಪಾಠ ಹಾಕಿದ. ಏಳು ವರ್ಷದ ನಗೀನಾ, ನಗೀನಾ ಎಂದೂ ಆಡದ ಮಾತುಗಳನ್ನು ಆಡುತ್ತಿದ್ದಳು. ಮಾಬೂಬಿ ಬಾಯಿಗೆ ಸೆರಗು ಒತ್ತಿಕೊಂಡು, "ಯಾ ಅಲ್ಲಾ, ನನ್ನ ಕೂಸು," ಎಂದಳು. ಅದು ಎಷ್ಟು ಸಣ್ಣ ಧ್ವನಿಯಾಗಿತ್ತೆಂದು ಅವಳಿಗೂ ಮರೆತಿತ್ತು.

ನಗೀನಾಳ ಮುಖ ಮಾತ್ರ ಬಿಗಿಯಾಯಿತು. "ನನ್ನ ಕೇಳದ ನನ್ನ ದನಿ ಒಯ್ದ್ರಿ," ಎಂದಳು. "ಮೂರು ವರ್ಷ ನಾ ಅಲ್ಲಿ ಕುಂತು 'ಎಸ್ ಟೀಚರ್' ಅನ್ನಾಕತ್ತಿದ್ನೇನು?"

"ಬೈಯಮ್ಮ. ಬೈಸಿಕೊಳ್ಳೋದಕ್ಕೇ ಬಂದಿದೀನಿ," ಎಂದ ಫಣಿರಾಜ. "ಆದರೆ ಅವರ ಹತ್ತಿರ ಒಂದು ಸಲ ಮಾತಾಡು. ಅವರು ಊಟ ಮಾಡ್ತಿಲ್ಲ."

"ಅಕ್ಕೋರು ಖರೇ ಅದಾರೇನ್ರಿ?" ಎಂದು ಕೇಳಿಬಿಟ್ಟಳು ನಗೀನಾ. "ನನ್ನ ದನಿ ಮಾಡಿದವರು ಅವರ ದನಿನೂ ಮಾಡಿರ್ತೀರಿ. ಅವರೂ ಯಾವಾಗೋ ಸತ್ತಿರಬೇಕು. ನಿಮಗ ಈಗ ಏನೋ ಬೇಕಾಗೇತಿ, ಅದಕ್ಕ ಬಂದೀರಿ."

ಫಣಿರಾಜ ಆಣೆ ಮಾಡಿದ. ಆದರೆ ಅವನ ಆಣೆಗೆ ಈಗ ಆ ಮನೆಯಲ್ಲಿ ಏನು ಬೆಲೆ? ಅದು ಅವನಿಗೂ ತಿಳಿಯಿತು. ಜೀಪಿನಲ್ಲಿ ತಂದಿದ್ದ, ಧ್ವನಿ ಕಳಿಸುವ ಮತ್ತು ಬಂದ ಧ್ವನಿ ಕೇಳಿಸುವ ಪೆಟ್ಟಿಗೆಯನ್ನು ಗೋಡೆಯ ಗೂಡಿನಲ್ಲಿಟ್ಟು, ಅದನ್ನು ಹಾಕುವುದು ನಿಲ್ಲಿಸುವುದು ತೋರಿಸಿ, "ಮನಸ್ಸು ಬಂದರೆ," ಎಂದು ಹೇಳಿ ಹೊರಟ.

ಆ ಪೆಟ್ಟಿಗೆ ಕೆಲವು ದಿನ ಗೂಡಿನಲ್ಲೇ ಕುಳಿತಿತ್ತು. ಒಂದು ಸಂಜೆ, ತಾಯಿ ಗಿರಣಿಗೆ ಹೋದಾಗ ನಗೀನಾ ಗುಂಡಿ ಒತ್ತಿದಳು.

"ಅಕ್ಕೋರ, ನಾ ನಗೀನಾ. ಖರೇ ನಗೀನಾ. ನನಗ ಹಲ್ಲು ಬಂದಾವ. ಪುಸ್ತಕದ ಇಂಗ್ಲಿಷ್ ನನಗ ಬ್ಯಾಡ್ರಿ. ಸನ್ನು, ಮೂನು ತಗೊಂಡು ನಾ ಏನ್ ಮಾಡ್ಲಿ? ಇಲ್ಲಿ ಸಾಲ್ಯಾಗ ಹುಡುಗ್ಯಾರು ಇಂಗ್ಲಿಷಿನ್ಯಾಗ ನನ್ನ ಆಡಕೋತಾರ. ತಿರಗಿ ಅನ್ನೂದು ಹೆಂಗ, ಅದನ್ನ ಹೇಳಿಕೊಡ್ರಿ. ನೀವು ಇದ್ರ."

ಸುಗಂಧಾ ನೌಕೆಯ ಮಲಗುವ ಚೀಲದೊಳಗೆ ಗೋಡೆಗೆ ಮುಖ ಮಾಡಿಕೊಂಡಿದ್ದಳು. ಮೊದಲು ಅದನ್ನೂ ಯಂತ್ರವೆಂದುಕೊಂಡಳು. ಆದರೆ ಇಷ್ಟು ಒರಟಾಗಿ ಮಾತಾಡುವ ಯಂತ್ರವನ್ನು ಅವಳಿಗೆ ಯಾರು ಕಳಿಸುತ್ತಾರೆ? ಚೀಲದಿಂದ ಹೊರಬಂದು ಇನ್ನೊಮ್ಮೆ ಕೇಳಿದಳು. ಆಮೇಲೆ ಒಂದು ಪೊಟ್ಟಣ ಉಪ್ಪಿಟ್ಟು ತೆರೆದು, ತಿನ್ನುತ್ತ, ಮಕ್ಕಳು ಜಗಳವಾಡುವುದಕ್ಕೆ ಇಂಗ್ಲಿಷಿನಲ್ಲಿ ಏನೇನು ಮಾತಿವೆ ಎಂದು ಯೋಚಿಸಿದಳು. ಸೂರ್ಯನ ಬೆಳಕೇ ಸೊರಗಿಹೋದ ಆ ಕಡೆಯಿಂದ ಭೂಮಿಗೆ ಹೊಸ ಪಾಠ ಹೊರಟಿತು: "ಮೈಂಡ್ ಯುವರ್ ಓನ್ ಬಿಸಿನೆಸ್."

ಪಾಠ ಮತ್ತೆ ಶುರುವಾಯಿತು. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಹೇಗೆ, ಜ್ವರಕ್ಕೆ ರಜೆ ಕೇಳುವುದು ಹೇಗೆ, ಅಂಗಡಿಯವನು ಕೊಳೆತ ಟೊಮ್ಯಾಟೊ ಹಾಕಿದರೆ ಏನನ್ನಬೇಕು. ಒಂದೊಂದು ಪಾಠಕ್ಕೂ ಸುಗಂಧಾ ತನ್ನೂರು ಇಂಡಿಯ ಬಸ್‌ಸ್ಟ್ಯಾಂಡನ್ನು, ಸಂತೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕಾಗುತ್ತಿತ್ತು. ಕೆಲವು ಬೀದಿಗಳು ನೆನಪಿಗೆ ಬರುತ್ತಿರಲಿಲ್ಲ. ನಗೀನಾ ಉತ್ತರಿಸುತ್ತಿದ್ದಳು, ಆದರೆ ಬೇಕೋ ಬೇಡವೋ ಎಂಬಂತೆ. ಊಟವಾಯಿತೇ ಎಂದು ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಸುಗಂಧಾ ಮೈಕಿನ ಹತ್ತಿರವೇ ತೇಲುತ್ತ ಕಾದಳು. ಕಿಟಕಿಯಲ್ಲಿ ಶನಿ ಚಿಕ್ಕದಾಗುತ್ತಿತ್ತು. ಭೂಮಿ ಇನ್ನೂ ಕಾಣುತ್ತಿರಲಿಲ್ಲ. ಕಾದೂ ಕಾದೂ ಅವಳ ತಾಳ್ಮೆ ಹರಿಯಿತು.

"ಎಲ್ಲಿ ಸತ್ತಿದ್ದೀ?" ಎಂದು ಮೈಕಿಗೆ ಬಾಯಿಟ್ಟು ಕೂಗಿದಳು. "ಮೂರು ದಿನಾ ಆತು! ಬರೂದಿಲ್ಲಂದ್ರ ಬರೂದಿಲ್ಲ ಅಂತ ಒಂದ್ ಮಾತು ಹೇಳಾಕ ನಿನಗೇನ್ ಧಾಡಿ? ಇಲ್ಲಿ ಕುಂತಾಕಿ ಮನಷ್ಯಾಳಲ್ಲೇನು? ಹೋಮ್‌ವರ್ಕ್ ಹತ್ತು ಸರ್ತಿ ಬರೀಬೇಕು ನೀ!"

ಗುಂಡಿ ಬಿಟ್ಟಳು. ಇಷ್ಟು ಜೋರಾಗಿ ಅವಳು ಎಷ್ಟೋ ವರ್ಷದಿಂದ ಕೂಗಿರಲಿಲ್ಲ. ಕೂಡಲೇ ಪಶ್ಚಾತ್ತಾಪವೂ ಆಯಿತು. ಮಗುವಿಗೆ ಜ್ವರವಿದ್ದರೆ? ಮನೆಯಲ್ಲಿ ಏನಾದರೂ ಆಗಿದ್ದರೆ? ಆದರೆ ಹೊರಟ ಮಾತನ್ನು ಹಿಡಿದು ತರುವುದು ಆಗದ ಕೆಲಸ. ಅದರ ಹಿಂದೆಯೇ ಕ್ಷಮೆ ಕಳಿಸಿದರೂ ಬೈಗುಳವೇ ಮೊದಲು ಮುಟ್ಟುತ್ತದೆ. ಆ ಕತ್ತಲಲ್ಲಿ ತನ್ನ ಸಿಟ್ಟು ಒಂದೇ ಸಮನೆ ಭೂಮಿಯ ಕಡೆ ಓಡುತ್ತಿರುವುದನ್ನು ನೆನೆಯುತ್ತ ಅವಳು ಕುಳಿತಳು.

ತಾಳಿಕೋಟೆಯ ಮನೆಯಲ್ಲಿ ಅದು ಮಧ್ಯಾಹ್ನ ಮುಟ್ಟಿತು. ಗೂಡಿನ ಪೆಟ್ಟಿಗೆ ಒಮ್ಮೆಲೇ ಒದರಿಕೊಂಡಾಗ ಮಾಬೂಬಿಯ ಕೈಯ ಸೂಜಿ ತಪ್ಪಿತು. ನಗೀನಾ ನೆಲದ ಮೇಲೆ ಕುಳಿತು ಪೂರ್ತಿ ಕೇಳಿದಳು.

ಮಾಬೂಬಿ ದಾರ ಕಡಿಯುತ್ತ ಹೇಳಿದಳು: "ನಿಮ್ಮ ಅಕ್ಕೋರು ಖರೇನ ಅದಾರ ಬಿಡು. ಹೊಟ್ಟಿ ಉರದಾಕಿನ ಹಿಂಗ ಬೈತಾಳ."

ನಗೀನಾ ಮುಖ ಒರೆಸಿಕೊಂಡು ಗುಂಡಿ ಒತ್ತಿದಳು.

ಅದರ ಉತ್ತರ ನೌಕೆಗೆ ಬಂದಾಗ ಸುಗಂಧಾ ಇನ್ನೂ ಅಲ್ಲೇ ಇದ್ದಳು. "ಅಕ್ಕೋರ, ಜ್ವರಾ ಇರಲಿಲ್ರಿ. ಬೇಕಂತ ಬಂದಿಲ್ಲ. ನೀವು ಏನ್ ಮಾಡ್ತೀರಿ ನೋಡ್ಬೇಕಾಗಿತ್ತು. ತಪ್ಪಾತ್ರಿ. ಇನ್ನ ಹಂಗ ಮಾಡೂದಿಲ್ಲ... ಊಟಾ ಮಾಡೀರೇನ್ರಿ?"

ಅಷ್ಟು ಹೇಳಿ ನಗೀನಾ ಎದ್ದು ಹೋಗಿದ್ದಳು. ಗುಂಡಿ ಬಂದ್ ಮಾಡುವುದನ್ನು ಮರೆತಿದ್ದಳು. ಹೊಲಿಗೆ ಯಂತ್ರ ಸ್ವಲ್ಪ ಹೊತ್ತು ಓಡಿ ನಿಂತಿತು. ಕುಕ್ಕರು ಸೀಟಿ ಹಾಕಿತು. ಬೀದಿಯಲ್ಲಿ ಯಾರೋ ಕೊತ್ತಂಬರಿ ಮಾರುತ್ತ ಹೋದರು. ಮಾಬೂಬಿ ಉರ್ದುವಿನಲ್ಲಿ ಏನೋ ಕೇಳಿದಳು, ನಗೀನಾ ಒಳಗಿನಿಂದ ಏನೋ ಅಂದಳು, ಇಬ್ಬರೂ ನಕ್ಕರು. ತಟ್ಟೆಗಳ ಸದ್ದಾಯಿತು. ಸುಗಂಧಾ ದೀಪ ಸಣ್ಣದು ಮಾಡಿ, ಕಾಲು ಮಡಚಿ, ಧ್ವನಿಪೆಟ್ಟಿಗೆಗೆ ಕಿವಿಯಿಟ್ಟು ಕೇಳುತ್ತಲೇ ಇದ್ದಳು. ಕೊನೆಗೆ ಆ ಮನೆಯಲ್ಲಿ ಯಾರೋ ಗುಂಡಿ ಹಾಗೇ ಬಿಟ್ಟದ್ದನ್ನು ಗಮನಿಸಿ ಹತ್ತಿರ ಬಂದ ಹೆಜ್ಜೆಯ ಸದ್ದು ಕೇಳಿಸಿತು.